ಘಟ್ಟ ಇಳಿಯುವಾಗ ಮಾತ್ರ ವೆಂಟಿಲೇಟರ್ ಅಲಾರಂ: ಉಸಿರಿನ ಪ್ರಮಾಣ ಕಡಿಮೆ, ಆಮ್ಲಜನಕವೂ ಬೇಗ ಖಾಲಿ

ರಾತ್ರಿಪಾಳಿ

ಮಡಿಕೇರಿಯ ಖಾಸಗಿ ಆಂಬುಲೆನ್ಸ್ ಒಂದರಲ್ಲಿ ತುರ್ತು ವೈದ್ಯಕೀಯ ತಂತ್ರಜ್ಞನಾಗಿದ್ದೇನೆ. ನಮ್ಮ ಗಾಡಿಯಲ್ಲಿರುವುದು ಟರ್ಬೈನ್ ಮಾದರಿಯ ಸಾಗಣೆ ವೆಂಟಿಲೇಟರ್. ಒಳಗೆ ಹೋಗುವ ಉಸಿರು, ಹೊರಗೆ ಬರುವ ಉಸಿರು ಎರಡನ್ನೂ ರೋಗಿಯ ಬಾಯಿಯ ಬಳಿಯ ಫ್ಲೋ ಸೆನ್ಸರ್ ಅಳೆಯುತ್ತದೆ.

ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಿದ ರೋಗಿಯನ್ನು ಮಂಗಳೂರಿಗೆ ಕರೆದೊಯ್ಯುವಾಗ ಮದೆನಾಡು, ಜೋಡುಪಾಲದವರೆಗೆ ಎಲ್ಲವೂ ಸರಿ ಇರುತ್ತದೆ. ಕೊಯನಾಡು, ಸಂಪಾಜೆ ಬರುವಷ್ಟರಲ್ಲಿ ‘ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಪ್ರಮಾಣ) ಕಡಿಮೆ’ ಎಂದು ಕೂಗಲು ಶುರು. ಸುಳ್ಯ ದಾಟಿದ ಮೇಲೂ ನಿಲ್ಲುವುದಿಲ್ಲ. ಯಂತ್ರವನ್ನು ಸರ್ವಿಸ್‌ಗೆ ಕೊಟ್ಟರೆ ಮೇಜಿನ ಮೇಲೆ ಪರೀಕ್ಷಾ ಶ್ವಾಸಕೋಶ ಜೋಡಿಸಿ ದಿನವಿಡೀ ಓಡಿಸಿ, ‘ದೋಷ ಕಂಡುಬಂದಿಲ್ಲ’ ಎಂದು ಚೀಟಿ ಬರೆದು ಕಳುಹಿಸುತ್ತಾರೆ. ಕೊಳವೆ ಬದಲಿಸಿ ಆಯಿತು, ನಿಶ್ವಾಸದ ಕವಾಟ ಬದಲಿಸಿ ಆಯಿತು. ಕಾರ್ಬನ್ ಡೈಆಕ್ಸೈಡ್ ಮಾದರಿ ತೆಗೆಯುವ ಕಿಂಡಿಯ ಮುಚ್ಚಳವನ್ನು ಹೊರಡುವ ಮುನ್ನ ಪ್ರತಿಸಲವೂ ನೋಡುತ್ತೇನೆ. ಬ್ಯಾಟರಿ ಹೊಸದು.

ಇನ್ನೊಂದು ತೊಂದರೆಯೂ ಇದೆ. ಈ ದಾರಿಯಲ್ಲಿ ಆಮ್ಲಜನಕ ಲೆಕ್ಕಕ್ಕೆ ಸಿಗುವುದಿಲ್ಲ. 150 ಬಾರ್ ತುಂಬಿದ ಬಿ ಮಾದರಿಯ ಸಿಲಿಂಡರ್ ಸುಳ್ಯದಲ್ಲಿ 110ರ ಮೇಲೆ ತೋರಿಸಬೇಕು. ತೋರಿಸುವುದು 80ಕ್ಕಿಂತ ಕಡಿಮೆ. ಮಾಣಿಯ ಆಸುಪಾಸಿನಲ್ಲಿ ಎರಡನೆಯ ಸಿಲಿಂಡರಿಗೆ ಬದಲಾಯಿಸುವ ಪ್ರಸಂಗ ಬರುತ್ತಿದೆ. ತಿರುವುಗಳಲ್ಲಿ ಯಂತ್ರ ಕುಲುಕಿ ಒಳಗೆ ಏನಾದರೂ ಸಡಿಲವಾಗುತ್ತಿದೆಯೇ?

ಸ್ಪ್ಯಾನರ್

ಬಯೋಮೆಡಿಕಲ್ ವಿಭಾಗದಲ್ಲಿ ಕೆಲಸ ಮಾಡುವವನು ನಾನು. ಯಂತ್ರವನ್ನು ದೂರುವ ಮೊದಲು ಕೆಲವು ಪ್ರಶ್ನೆಗಳಿವೆ.

ಅಲಾರಂ ಬಂದ ಕ್ಷಣದಲ್ಲಿ ಪರದೆಯ ಮೇಲೆ ಒಳಹೋದ ಪ್ರಮಾಣ ಎಷ್ಟು, ಹೊರಬಂದದ್ದು ಎಷ್ಟು? ಎರಡೂ ಒಟ್ಟಿಗೆ ಇಳಿದಿವೆಯೇ, ಹೊರಬಂದದ್ದು ಮಾತ್ರವೇ? ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಅನುಮಾನ ಸೆನ್ಸರಿನ ಮೇಲೆ, ಇಲ್ಲವೇ ಎತ್ತರದ ಹೊಂದಾಣಿಕೆಯ ಮೇಲೆ. ಕೆಲವು ಯಂತ್ರಗಳು ಹೊರಗಿನ ವಾಯುಒತ್ತಡವನ್ನು ತಾವೇ ಅಳೆದುಕೊಳ್ಳುತ್ತವೆ, ಇನ್ನು ಕೆಲವಕ್ಕೆ ಮೆನುವಿನಲ್ಲಿ ಎತ್ತರವನ್ನು ನಾವೇ ನಮೂದಿಸಬೇಕು. ನಿಮ್ಮದು ಯಾವುದು?

ಎರಡನೆಯದು: ಇದೇ ಯಂತ್ರವನ್ನು ಮೈಸೂರಿಗೆ ಒಯ್ದಾಗ ಏನಾಗುತ್ತದೆ? ಕುಶಾಲನಗರ, ಹುಣಸೂರಿನ ರಸ್ತೆಯಲ್ಲೂ ಕುಲುಕಾಟಕ್ಕೆ ಕೊರತೆಯೇನಿಲ್ಲ.

ಇದಕ್ಕೆಲ್ಲ ಮೊದಲು ಒಂದು ಮಾತು. ಅಲಾರಂ ಕೂಗಿದಾಗ ಪರದೆಯನ್ನಲ್ಲ, ರೋಗಿಯ ಎದೆಯನ್ನು ನೋಡಿ. ಎದೆ ಏಳದಿದ್ದರೆ ಅಥವಾ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯುತ್ತಿದ್ದರೆ ಯಂತ್ರವನ್ನು ಕಳಚಿ, ಆಮ್ಲಜನಕ ಜೋಡಿಸಿದ ಆಂಬು ಬ್ಯಾಗ್ (ಕೈಯಿಂದ ಉಸಿರು ಕೊಡುವ ಚೀಲ) ಒತ್ತಿ. 1956ರಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡ ಆ ಚೀಲಕ್ಕೆ ಬ್ಯಾಟರಿಯೂ ಬೇಡ, ಮೆನುವೂ ಬೇಡ. ದೋಷ ಹುಡುಕುವ ಕೆಲಸ ಅದಾದ ಮೇಲೆ.

ಕಾಫಿತೋಟ

ನನಗೆ ಫಿಲ್ಟರ್ ಮೇಲೆ ಅನುಮಾನ. ಕೆಳಗಿಳಿದಂತೆ ಸೆಕೆ, ತೇವ ಎರಡೂ ಹೆಚ್ಚುತ್ತವೆ. ಟ್ಯೂಬಿನ ಬಾಯಿಯಲ್ಲಿರುವ ಫಿಲ್ಟರ್ ನೀರು ಹೀರಿ ಕಟ್ಟಿಕೊಂಡಿರಬಹುದು.

ಸ್ಪ್ಯಾನರ್

ಫಿಲ್ಟರ್ ಕಟ್ಟಿಕೊಂಡರೆ ಗಾಳಿಗೆ ಅಡ್ಡಿಯಾಗುತ್ತದೆ. ಯಂತ್ರ ನಿಗದಿತ ಪ್ರಮಾಣ ಕೊಡುವ ಕ್ರಮದಲ್ಲಿದ್ದರೆ ಆಗ ಕೂಗುವುದು ‘ಒತ್ತಡ ಹೆಚ್ಚು’ ಎಂದು. ಇವರು ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ. ಫಿಲ್ಟರ್ ಬದಲಿಸುವುದು ಒಳ್ಳೆಯದೇ, ಆದರೆ ಈ ರೋಗಕ್ಕೆ ಅದು ಮದ್ದಲ್ಲ.

ರಾತ್ರಿಪಾಳಿ

ನಿನ್ನೆ ಮತ್ತೆ ಹೋಗಿ ಬಂದೆ, ಎಲ್ಲವನ್ನೂ ಬರೆದುಕೊಂಡಿದ್ದೇನೆ.

ಯಂತ್ರದಲ್ಲಿ ವಾಯುಒತ್ತಡದ ಸೆನ್ಸರ್ ಇದೆ, ಎತ್ತರವನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ನಿಗದಿ ಮಾಡಿದ್ದು 450 ಮಿ.ಲೀ., ನಿಮಿಷಕ್ಕೆ 18 ಉಸಿರು, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 6, ಆಮ್ಲಜನಕ ಶೇ 60. ಮಡಿಕೇರಿ ಬಿಡುವಾಗ ಒಳಗೆ 450, ಹೊರಗೆ 440. ಸಂಪಾಜೆ ಗೇಟಿನ ಬಳಿ ಒಳಗೆ 450ರ ಮೇಲೆಯೇ ಇತ್ತು, ಹೊರಗೆ 330. ಪೀಪ್ ಕೂಡ 6ರಲ್ಲಿ ನಿಲ್ಲದೆ ಓಲಾಡುತ್ತಿತ್ತು. ಕೊಳವೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ, ಎಲ್ಲಿಯೂ ಗಾಳಿ ಸೋರುತ್ತಿರಲಿಲ್ಲ. ಟ್ಯೂಬ್ ಹಲ್ಲಿನ ಬಳಿ 22ರ ಗುರುತಿನಲ್ಲೇ ಇತ್ತು. ಸ್ಯಾಚುರೇಶನ್ 96ರಿಂದ 93ಕ್ಕೆ ಬಂದಿತ್ತು.

ಚಾಲಕ ಸೈರನ್ ನಿಲ್ಲಿಸಿದಾಗ ಒಂದು ವಿಷಯ ಗಮನಕ್ಕೆ ಬಂತು. ಪ್ರತಿ ಉಸಿರು ಒಳಹೋಗುವಾಗಲೂ ರೋಗಿಯ ಗಂಟಲಿನಲ್ಲಿ ಗೊಳಗೊಳ ಸದ್ದು. ಬಾಯಿಯ ಮೂಲೆಯಲ್ಲಿ ಸಣ್ಣ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು.

ಮೈಸೂರಿನ ದಾರಿಯಲ್ಲಿ ಈ ಅಲಾರಂ ಬಂದ ನೆನಪೇ ಇಲ್ಲ.

ಅರಿವಳಿಕೆ

ಹಾಗಾದರೆ ಯಂತ್ರ ನಿರಪರಾಧಿ. ಸೋರುತ್ತಿರುವುದು ಟ್ಯೂಬಿನ ಕಫ್ ಪಕ್ಕದಿಂದ.

ಶ್ವಾಸನಾಳದೊಳಗೆ ಟ್ಯೂಬಿನ ಸುತ್ತ ಗಾಳಿ ತುಂಬಿದ ಆ ಸಣ್ಣ ಬಲೂನು ಮುಚ್ಚಿದ ಚೀಲ. ಮಂಗಳೂರಿನಿಂದ ತಂದ ಚಿಪ್ಸ್ ಪೊಟ್ಟಣ ಮಡಿಕೇರಿಯಲ್ಲಿ ಉಬ್ಬಿರುವುದನ್ನು ನೀವು ಅಂಗಡಿಗಳಲ್ಲಿ ನೋಡಿರುತ್ತೀರಿ. ನಿಮ್ಮ ರೋಗಿಯ ಕಫ್‌ಗೆ ಆಗುತ್ತಿರುವುದು ಅದರ ತಿರುಗುಮುರುಗು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿನ ವಾಯುಒತ್ತಡ 880 ಹೆಕ್ಟೊಪಾಸ್ಕಲ್ ಆಸುಪಾಸು, ಕಡಲ ತೀರದಲ್ಲಿ 1013. ಮೇಲೆ ತುಂಬಿದ ಗಾಳಿ ಕೆಳಗೆ ಬರುವಾಗ ಸುಮಾರು ಶೇ 13ರಷ್ಟು ಕುಗ್ಗುತ್ತದೆ. ಕಫ್‌ನಲ್ಲಿ ಇರುವುದೇ ಆರೇಳು ಮಿ.ಲೀ. ಗಾಳಿ; ಅದರಲ್ಲಿ ಹೆಚ್ಚುಕಡಿಮೆ ಒಂದು ಮಿ.ಲೀ. ಮಾಯವಾದಂತೆ. ಮೊದಲೇ ಅಂಚಿನಲ್ಲಿದ್ದ ಕಫ್ ಶ್ವಾಸನಾಳದ ಗೋಡೆಯನ್ನು ಬಿಡಲು ಅಷ್ಟು ಸಾಕು.

ಮೈಸೂರಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮೈಸೂರು ಇರುವುದು 770 ಮೀಟರ್ ಎತ್ತರದಲ್ಲಿ. ಅಲ್ಲಿಗೆ ಹೋಗುವಾಗ ಗಾಳಿ ಕುಗ್ಗುವುದು ಶೇ 4-5 ಮಾತ್ರ. ಸರ್ವಿಸ್ ಕೇಂದ್ರದ ಮೇಜು ಎಂದೂ ಘಟ್ಟ ಇಳಿಯುವುದಿಲ್ಲ, ಪರೀಕ್ಷಾ ಶ್ವಾಸಕೋಶಕ್ಕೆ ಕಫ್ ಕೂಡ ಇಲ್ಲ. ಅವರಿಗೆ ದೋಷ ಕಾಣುವುದಾದರೂ ಹೇಗೆ?

ಮಡಿಕೇರಿಯಲ್ಲಿ ಕಫ್ ತುಂಬಿದ ಮೇಲೆ ಒತ್ತಡ ಅಳೆದವರು ಯಾರು? ಬಹುತೇಕ ಕಡೆ ಪೈಲಟ್ ಬಲೂನನ್ನು (ಕಫ್‌ಗೆ ಸೇರಿಕೊಂಡು ಬಾಯಿಯ ಹೊರಗಿರುವ ಪುಟ್ಟ ಬಲೂನು) ಎರಡು ಬೆರಳಲ್ಲಿ ಹಿಸುಕಿ ‘ಸರಿಯಿದೆ’ ಎನ್ನುತ್ತಾರೆ. ಬೆರಳಿಗೆ 15ಕ್ಕೂ 50ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಫ್ ಮಾನೋಮೀಟರ್ ಇಟ್ಟುಕೊಳ್ಳಿ. ಒತ್ತಡ ನೀರಿನ ಸ್ತಂಭದ 20ರಿಂದ 30 ಸೆಂಟಿಮೀಟರ್ ನಡುವೆ ಇರಬೇಕು. 20ಕ್ಕಿಂತ ಇಳಿದರೆ ಗಾಳಿ ಸೋರುವುದು ಮಾತ್ರವಲ್ಲ, ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು ಕಫ್ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ನನಗೆ ಅಲಾರಂಗಿಂತ ಹೆಚ್ಚು ಭಯ ಹುಟ್ಟಿಸಿದ್ದು ನೀವು ಕಂಡ ಆ ಗುಳ್ಳೆಗಳು. ಕಫ್ ಮುಟ್ಟುವ ಮೊದಲು ಗಂಟಲಿನಲ್ಲಿ ಕೂಡಿದ್ದನ್ನು ಸಕ್ಷನ್ ಮಾಡಿ (ಹೀರಿ ತೆಗೆಯಿರಿ).

ಒಂದು ಎಚ್ಚರಿಕೆ. ಹೊರಬರುವ ಉಸಿರು ಕಡಿಮೆಯಾದಾಗಲೆಲ್ಲ ಕಫ್ ಕಾರಣ ಎಂದು ತೀರ್ಮಾನಿಸಬೇಡಿ. ಟ್ಯೂಬ್ ಜಾರಿದೆಯೇ, ಕಟ್ಟಿಕೊಂಡಿದೆಯೇ, ಎದೆಯ ಒಂದು ಬದಿಯಲ್ಲಿ ಗಾಳಿ ಸೇರಿಕೊಂಡಿದೆಯೇ, ಯಂತ್ರ ಕೆಟ್ಟಿದೆಯೇ ಎಂದು ಈ ನಾಲ್ಕನ್ನೂ ನೋಡಲೇಬೇಕು. ತಲೆ ಹಿಂದಕ್ಕೆ ವಾಲಿದರೆ ಟ್ಯೂಬಿನ ತುದಿ ಮೇಲೆ ಸರಿಯುತ್ತದೆ, ಗದ್ದ ಎದೆಗೆ ಬಾಗಿದರೆ ಕೆಳಗೆ. ತಿರುವುಗಳ ರಸ್ತೆಯಲ್ಲಿ ತಲೆಯ ಎರಡೂ ಬದಿಗೆ ಆಸರೆ ಕೊಡುವುದು ಆ ಕಾರಣಕ್ಕೆ. ಹಲ್ಲಿನ ಬಳಿಯ ಗುರುತು ಅಲುಗದಿದ್ದರೂ ಒಳಗಿನ ತುದಿ ಸರಿಯಬಹುದು.

ಕಾಫಿತೋಟ

ಹಾಗಿದ್ದರೆ ಮಡಿಕೇರಿಯಲ್ಲೇ ಎರಡು ಮಿ.ಲೀ. ಹೆಚ್ಚು ತುಂಬಿ ಹೊರಟರೆ ಮುಗಿಯಿತಲ್ಲ? ಕೆಳಗೆ ಹೋಗುವಷ್ಟರಲ್ಲಿ ತಾನೇ ಸರಿಹೋಗುತ್ತದೆ.

ಅರಿವಳಿಕೆ

ಬೇಡ. 30 ದಾಟಿದರೆ ಶ್ವಾಸನಾಳದ ಒಳಪದರದ ರಕ್ತಸಂಚಾರ ಕುಗ್ಗತೊಡಗುತ್ತದೆ, 50ರ ಹೊತ್ತಿಗೆ ನಿಂತೇಹೋಗಬಹುದು. ಅಲ್ಲಿ ಹುಣ್ಣಾಗಿ, ಮುಂದೆ ನಾಳವೇ ಕಿರಿದಾದ ರೋಗಿಗಳನ್ನು ಕಂಡಿದ್ದೇನೆ. ಮೇಲಾಗಿ ರಸ್ತೆ ಬಂದ್ ಆಗಿ ಗಾಡಿ ಮದೆನಾಡಿನಲ್ಲೇ ನಿಂತರೆ? 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ಆ ದಾರಿಯವರು ಮರೆತಿರಲಾರರು. ಹೆಚ್ಚು ತುಂಬಿದ ಕಫ್ ಎಷ್ಟು ಹೊತ್ತು ಹಾಗೆಯೇ ಒತ್ತುತ್ತಿರುತ್ತದೆ ಎಂಬುದು ಆಗ ನಿಮ್ಮ ಕೈಯಲ್ಲಿರುವುದಿಲ್ಲ. ಅಳೆಯಿರಿ, ಬೇಕಾದಾಗ ಬೇಕಾದಷ್ಟೇ ತುಂಬಿ.

ಗಗನದಾದಿ

ಬೆಂಗಳೂರಿನಿಂದ ಏರ್ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ನಮಗೆ ಇದೇ ತೊಂದರೆ ದಿನನಿತ್ಯ, ದಿಕ್ಕು ಮಾತ್ರ ಬೇರೆ. ವಿಮಾನದ ಒಳಗಿನ ಒತ್ತಡ 8000 ಅಡಿ ಎತ್ತರಕ್ಕೆ ಸಮನಾದ ಮಟ್ಟದವರೆಗೂ ಇಳಿಯಬಹುದು. ಮೇಲೇರುವಾಗ ಕಫ್ ಉಬ್ಬುತ್ತದೆ, ಗಾಳಿ ತೆಗೆಯುತ್ತೇವೆ. ಇಳಿಯುವಾಗ ಮತ್ತೆ ತುಂಬುತ್ತೇವೆ. ತೆಗೆದದ್ದನ್ನು ಮರಳಿ ತುಂಬಲು ಮರೆತರೆ ಇಳಿಯುವ ಹೊತ್ತಿಗೆ ನಿಮ್ಮ ಸಂಪಾಜೆಯ ಕಥೆಯೇ.

ಗಾಳಿಯ ಬದಲು ಸಲೈನ್ ತುಂಬಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಕೆಲವರು ವಿಮಾನದಲ್ಲಿ ಹಾಗೆ ಮಾಡುತ್ತಾರೆ, ನೀರು ಎತ್ತರಕ್ಕೆ ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ಆದರೆ ಅದರ ಒತ್ತಡವನ್ನು ಸಾಮಾನ್ಯ ಮಾನೋಮೀಟರಿನಲ್ಲಿ ಅಳೆಯುವುದು ಕಷ್ಟ, ತುರ್ತಿನಲ್ಲಿ ಟ್ಯೂಬ್ ತೆಗೆಯಬೇಕಾದಾಗ ಬೇಗ ಖಾಲಿಯಾಗುವುದೂ ಇಲ್ಲ. ರಸ್ತೆಯ ಮೇಲೆ, ಗಾಡಿ ನಿಲ್ಲಿಸಿ ಅಳೆಯುವ ಸೌಕರ್ಯ ಇರುವಾಗ, ಅದರ ಗೋಜು ಬೇಡ.

ಅಳೆಯುವಾಗ ಒಂದನ್ನು ಗಮನಿಸಿ. ಮಾನೋಮೀಟರ್ ಜೋಡಿಸುವಾಗ ಅದರ ಕೊಳವೆಯೊಳಕ್ಕೆ ಕಫ್‌ನ ಗಾಳಿ ಸ್ವಲ್ಪ ಹರಿಯುತ್ತದೆ. ನೀವು ಓದುವ ಅಂಕಿ ಜೋಡಿಸುವ ಮುಂಚಿನದಕ್ಕಿಂತ ಕಡಿಮೆಯೇ ಇರುತ್ತದೆ. ‘ಅಳೆದೆ, 22 ಇದೆ’ ಎಂದು ಕಳಚಿಬಿಡಬೇಡಿ. ಉಪಕರಣ ಜೋಡಿಸಿಕೊಂಡೇ 26ರ ಸುತ್ತ ತಂದು, ನಂತರ ಥಟ್ಟನೆ ಕಳಚಿ.

ಸ್ಪ್ಯಾನರ್

ಆಮ್ಲಜನಕದ ಲೆಕ್ಕವೂ ಇದರಿಂದಲೇ ಬಿಡಿಸಿಕೊಳ್ಳುತ್ತದೆ.

ಬಿ ಮಾದರಿಯ ಸಿಲಿಂಡರಿನ ನೀರಿನ ಧಾರಣೆ 10 ಲೀಟರ್. 150 ಬಾರ್ ಎಂದರೆ 1500 ಲೀಟರ್ ಅನಿಲ, ಗೇಜ್ 80 ತೋರಿಸಿದರೆ 800. ನಿಮ್ಮ ರೋಗಿಗೆ ನಿಮಿಷಕ್ಕೆ 8.1 ಲೀಟರ್ ಉಸಿರು ಬೇಕು. ಶೇ 60 ಎಂದಿಟ್ಟರೆ ಇದೆಲ್ಲವೂ ಸಿಲಿಂಡರಿನಿಂದ ಬರಬೇಕಿಲ್ಲ, ಏಕೆಂದರೆ ಹೊರಗಿನ ಗಾಳಿಯಲ್ಲೇ ಶೇ 21 ಇದೆ. 60ರಿಂದ 21 ಕಳೆದು 79ರಿಂದ ಭಾಗಿಸಿದರೆ ಅರ್ಧಕ್ಕೆ ಒಂದಿಷ್ಟು ಕಡಿಮೆ. ಅಂದರೆ ಸಿಲಿಂಡರಿನಿಂದ ನಿಮಿಷಕ್ಕೆ 4 ಲೀಟರ್. ಸುಳ್ಯದವರೆಗಿನ ಒಂದೂವರೆ ಗಂಟೆಗೆ 360 ಲೀಟರ್, 36 ಬಾರ್. ನೀವು ನಿರೀಕ್ಷಿಸಿದ 110ರ ಮೇಲಿನ ಅಂಕಿ ಬಂದದ್ದು ಇಲ್ಲಿಂದ.

ಆಸ್ಪತ್ರೆಗಳ ಗೋಡೆಯ ಮೇಲೆ ಅಂಟಿಸಿರುವ ಕೋಷ್ಟಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಯಂತ್ರ ಮಾತ್ರ ನಿಲ್ಲುವುದಿಲ್ಲ. ಹಲವು ಟರ್ಬೈನ್ ಯಂತ್ರಗಳು ಉಸಿರುಗಳ ನಡುವೆಯೂ ಕೊಳವೆಯಲ್ಲಿ ಗಾಳಿ ಹರಿಸುತ್ತಲೇ ಇರುತ್ತವೆ, ಬಯಾಸ್ ಫ್ಲೋ ಎನ್ನುವುದು ಅದನ್ನೇ. ಅದು ನಿಮಿಷಕ್ಕೆ 5 ಲೀಟರ್ ಇದ್ದರೆ ಸಿಲಿಂಡರಿಗೆ ಇನ್ನೂ 2.5 ಲೀಟರ್ ಹೊರೆ. ನಿಮ್ಮ ಯಂತ್ರದ ಅಂಕಿ ಕೈಪಿಡಿಯಲ್ಲಿ ಇರುತ್ತದೆ, ನೋಡಿಕೊಳ್ಳಿ. ಅದರ ಮೇಲೆ ಕಫ್ ಸೋರಿಕೆ. ಪೀಪ್ ಉಳಿಸಿಕೊಳ್ಳಲು ಟರ್ಬೈನ್ ಸೋರಿದ್ದನ್ನೆಲ್ಲ ತುಂಬಿಕೊಡುತ್ತದೆ. ಸೋರಿಕೆ ನಿಮಿಷಕ್ಕೆ 6 ಲೀಟರ್ ಎಂದುಕೊಂಡರೆ ಮತ್ತೆ 3 ಲೀಟರ್ ಆಮ್ಲಜನಕ. ಒಂದೂವರೆ ಗಂಟೆಗೆ 6.5ರಂತೆ 585, ಕೊನೆಯ ಮುಕ್ಕಾಲು ಗಂಟೆಯ ಸೋರಿಕೆಗೆ 135, ಒಟ್ಟು 720 ಲೀಟರ್. 150ರಲ್ಲಿ 72 ಕಳೆದರೆ 78 ಬಾರ್. ನೀವು ಕಂಡದ್ದು ಇದೇ ಅಲ್ಲವೇ? ಅಲ್ಲಿಂದ ಮುಂದೆ ನಿಮಿಷಕ್ಕೆ ಒಂಬತ್ತೂವರೆ ಲೀಟರ್ ಹೋಗುತ್ತಿದ್ದರೆ ಮಾಣಿಗೆ ಖಾಲಿಯಾಗುವುದರಲ್ಲಿ ಅಚ್ಚರಿಯಿಲ್ಲ.

ಸೋರಿಕೆ ನಿಲ್ಲಿಸಿದರೂ ಮೂರೂವರೆ ಗಂಟೆಯ ದಾರಿಗೆ 1365 ಲೀಟರ್ ಬೇಕು. ಒಂದು ಸಿಲಿಂಡರಿನಲ್ಲಿ ಉಳಿಯುವುದು 13 ಬಾರ್, ಅದನ್ನು ನಾನು ಖಾಲಿ ಎಂದೇ ಕರೆಯುತ್ತೇನೆ. ಎರಡನೆಯದು ತುಂಬಿರಲಿ, ಕೀಲಿ ಅದರ ಕುತ್ತಿಗೆಗೇ ಕಟ್ಟಿರಲಿ.

ರಾತ್ರಿಪಾಳಿ

ಕಫ್ ಮಾನೋಮೀಟರ್ ತರಿಸಿಕೊಂಡು ನಿನ್ನೆ ರಾತ್ರಿ ಹೋಗಿಬಂದೆ. ಆಸ್ಪತ್ರೆಯಲ್ಲಿ ಜೋಡಿಸಿದಾಗಲೇ 18 ತೋರಿಸಿತು. 26ಕ್ಕೆ ತಂದು ಹೊರಟೆವು. ಕೊಯನಾಡಿನಲ್ಲಿ ಗಾಡಿ ನಿಲ್ಲಿಸಿ ನೋಡಿದರೆ 17. ಗಂಟಲು ಸಕ್ಷನ್ ಮಾಡಿ ಮತ್ತೆ 26 ಮಾಡಿದೆ. ಸುಳ್ಯದಲ್ಲಿ 24 ಇತ್ತು, ಅಲ್ಲಿಂದ ಆಚೆ ಹೆಚ್ಚೇನೂ ಇಳಿಯಲಿಲ್ಲ. ಮಂಗಳೂರಿನವರೆಗೆ ಅಲಾರಂ ಇಲ್ಲ. ಒಳಗೆ 450, ಹೊರಗೆ 440ರ ಸುತ್ತಮುತ್ತ. ಸುಳ್ಯದಲ್ಲಿ ಸಿಲಿಂಡರ್ 92 ಬಾರ್ ತೋರಿಸಿತು, ಸ್ಪ್ಯಾನರ್ ಅವರ ಲೆಕ್ಕಕ್ಕೆ ಕೂಡಿಬಂತು.

ಇನ್ನೊಂದು ಪ್ರಶ್ನೆ. ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು) ಆದ ರೋಗಿಯೊಬ್ಬರನ್ನು ಮಂಗಳೂರಿನಿಂದ ಮಡಿಕೇರಿಗೆ ಮರಳಿ ಕರೆತರುವುದಿದೆ. ಅವರಿಗೂ ಇದೇ ಕ್ರಮವೇ?

ಅರಿವಳಿಕೆ

ಕಫ್ ಇರುವ ಟ್ಯೂಬ್ ಆದರೆ ಹೌದು, ಆದರೆ ಅಲ್ಲಿ ತುಂಬುವ ಬದಲು ತೆಗೆಯಬೇಕಾಗುತ್ತದೆ. ಮಂಗಳೂರಿನಲ್ಲಿ 25 ಇದ್ದದ್ದು ಮದೆನಾಡಿಗೆ ಬರುವಷ್ಟರಲ್ಲಿ 30 ದಾಟಿರಬಹುದು, ಆಗ ಯಾವ ಅಲಾರಂ ಕೂಡ ಕೂಗುವುದಿಲ್ಲ. ಹತ್ತುವಾಗ ಸಂಪಾಜೆಯಲ್ಲಿ ಒಮ್ಮೆ, ಜೋಡುಪಾಲದಲ್ಲಿ ಒಮ್ಮೆ, ಮಡಿಕೇರಿ ತಲುಪಿದ ಮೇಲೆ ಇನ್ನೊಮ್ಮೆ ಅಳೆಯಿರಿ. ರೋಗಿಯನ್ನು ಒಪ್ಪಿಸುವಾಗ ಕೊನೆಯ ಅಂಕಿ, ಸಮಯ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ.