ಅಪ್‌ಡೇಟ್: ಜಿಗ್‌ಬೀ ಸೆನ್ಸರ್‌ಗಳು ಆಫ್‌ಲೈನ್ ಆಗೋದು ನಿಂತಿತು

ರಾತ್ರಿಯಾದ್ರೆ ಮನೆಯ ಜಿಗ್‌ಬೀ (ಸ್ಮಾರ್ಟ್ ಸಾಧನಗಳು ಮಾತಾಡೋ ವೈರ್‌ಲೆಸ್ ನೆಟ್‌ವರ್ಕ್) ಬಾಗಿಲ ಸೆನ್ಸರ್‌ಗಳು ಆಫ್‌ಲೈನ್ ಆಗ್ತಿವೆ ಅಂತ ಇಲ್ಲಿ ಕೇಳಿದ್ದೆನಲ್ಲ, ಈಗ ಸರಿಹೋಗಿದೆ.

ನೀವು ಕೊಟ್ಟ ಸಲಹೆಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಎಕ್ಸ್‌ಟೆನ್ಷನ್ ಕೇಬಲ್. ಜಿಗ್‌ಬೀ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚೋ ರೇಡಿಯೋ ಕಡ್ಡಿ) ಇದ್ದದ್ದು ಯುಎಸ್‌ಬಿ 3.0 ಪೋರ್ಟಲ್ಲಿ, ಪಕ್ಕದಲ್ಲೇ ಎಸ್‌ಎಸ್‌ಡಿ. ಅವುಗಳ ರೇಡಿಯೋ ಗದ್ದಲ ಜಿಗ್‌ಬೀ ಓಡುವ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತೆ. 1 ಮೀಟರ್ ಯುಎಸ್‌ಬಿ 2.0 ಕೇಬಲ್ ಹಾಕಿ ದೂರ ಇಟ್ಟೆ, ಹಿತ್ತಲ ಬಾಗಿಲ ಸೆನ್ಸರ್‌ನ ಎಲ್‌ಕ್ಯೂಐ (ಸಂಪರ್ಕ ಎಷ್ಟು ಚೆನ್ನಾಗಿದೆ ಅನ್ನೋ ಅಂಕ) 20ರಿಂದ 110ಕ್ಕೆ ಏರಿತು.

ಡಾಂಗಲ್‌ನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್‌ನಿಂದ ಈ ವಿಷಯದಲ್ಲಿ ಏನೂ ಬದಲಾಗಲಿಲ್ಲ. ಮಾಡೋರಿದ್ರೆ, ಜಿಗ್‌ಬೀ2ಎಂಕ್ಯೂಟಿಟಿ (ಡಾಂಗಲ್ ನಡೆಸೋ ಪ್ರೋಗ್ರಾಂ) ಮೊದಲು ನಿಲ್ಲಿಸಿ (ಇಲ್ದಿದ್ರೆ ಪೋರ್ಟ್ ಬಿಟ್ಟುಕೊಡಲ್ಲ), ಡೇಟಾ ಫೋಲ್ಡರ್ ಕಾಪಿ ಮಾಡಿಟ್ಟುಕೊಳ್ಳಿ, ಬೂಟ್ ಬಟನ್ ಒತ್ತಿಹಿಡಿದು ಡಾಂಗಲ್ ಚುಚ್ಚಿ, ಕೋಆರ್ಡಿನೇಟರ್ (ನೆಟ್‌ವರ್ಕ್‌ನ ಮುಖ್ಯ ಸಾಧನ) ಫೈಲನ್ನೇ ಹಾಕಿ. ರೂಟರ್ (ಸಿಗ್ನಲ್ ಮುಂದಕ್ಕೆ ದಾಟಿಸೋ ಸಾಧನ) ಫೈಲ್ ಹೆಸರೂ ಹೆಚ್ಚುಕಡಿಮೆ ಹಾಗೇ ಇರುತ್ತೆ, ನೋಡ್ಕೊಳ್ಳಿ.

ಜಿಗ್‌ಬೀ ಚಾನೆಲ್ 11ರಿಂದ 25ಕ್ಕೆ ಬದಲಿಸಿ ಅಂದಿದ್ರಿ. ಬ್ಯಾಟರಿ ಸೆನ್ಸರ್‌ಗಳನ್ನ ಮತ್ತೆ ಪೇರ್ ಮಾಡೋ (ನೆಟ್‌ವರ್ಕ್‌ಗೆ ಸೇರಿಸೋ) ತಲೆನೋವು ಬೇಡ ಅಂತ ವೈಫೈಯನ್ನೇ ಚಾನೆಲ್ 1ರಿಂದ 11ಕ್ಕೆ ಸರಿಸಿದೆ (ಎರಡರ ಚಾನೆಲ್ ಸಂಖ್ಯೆಗಳು ಬೇರೆ ಲೆಕ್ಕ, ಜಿಗ್‌ಬೀ 11 ಬೀಳೋದು ವೈಫೈ 1ರ ಜಾಗದಲ್ಲಿ). ಜಿಗ್‌ಬೀ ಚಾನೆಲ್ ಮುಟ್ಟಬೇಕಾಗಲಿಲ್ಲ.

ರಾತ್ರಿಯೇ ಯಾಕೆ ಅನ್ನೋದಕ್ಕೆ ಉತ್ತರ ಬಲ್ಬ್‌ಗಳಲ್ಲಿತ್ತು! ಸ್ಮಾರ್ಟ್ ಬಲ್ಬ್ ರೂಟರ್ ಕೆಲಸವನ್ನೂ ಮಾಡುತ್ತೆ. ಗೋಡೆ ಸ್ವಿಚ್ ಆರಿಸಿದ್ರೆ ಅದನ್ನು ನಂಬಿದ ಸೆನ್ಸರ್‌ಗಳು ಅನಾಥ. ಕೆಲವು ಸೆನ್ಸರ್‌ಗಳು ಬೇರೆ ರೂಟರ್ ಹುಡುಕಲ್ಲ. ಈಗ ಹಜಾರದಲ್ಲಿ ಸದಾ ಆನ್ ಇರೋ ಒಂದು ಸ್ಮಾರ್ಟ್ ಪ್ಲಗ್ ಹಾಕಿ, ಸೆನ್ಸರ್‌ಗಳನ್ನ ಅದರ ಮೂಲಕವೇ ಸೇರಿಸಿದ್ದೀನಿ.