ಸವಾರಿ ಕುದುರೆಗೆ ಲಾಳ ಬೇಕೇ, ಬರಿಗೊರಸೇ ಸಾಕೇ?

ಪ್ರಶ್ನೆ (ಬೀದರ್‌ನಿಂದ ಒಬ್ಬ ಸವಾರ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಏಳು ವರ್ಷದ ಮಾರವಾಡಿ ತಳಿಯ ಹೆಣ್ಣು ಕುದುರೆಯೊಂದಿದೆ. ಹೆಚ್ಚಾಗಿ ಬೆಳಗಿನ ಹೊತ್ತು ಕೋಟೆಯ ಕಡೆಯಿಂದ ಅಷ್ಟೂರಿನ ಬಹಮನಿ ಗುಮ್ಮಟಗಳವರೆಗೆ ಹೋಗಿಬರುತ್ತೇವೆ. ದಾರಿಯಲ್ಲಿ ಸ್ವಲ್ಪ ಡಾಂಬರು, ಸ್ವಲ್ಪ ಕೆಂಪು ಗರಸು, ಉಳಿದದ್ದು ಹೊಲದ ಮಣ್ಣು. ನಾಲ್ಕೂ ಕಾಲಿಗೆ ಲಾಳವಿದೆ. ಮೊದಲಿದ್ದ ನಾಲಬಂದರು (ಕುದುರೆಗೆ ಲಾಳ ಕಟ್ಟುವವರು) ಊರು ಬಿಟ್ಟ ಮೇಲೆ ಎತ್ತುಗಳಿಗೆ ಲಾಳ ಕಟ್ಟುವವರಿಂದಲೇ ಕೆಲಸ ಮಾಡಿಸುತ್ತಿದ್ದೇನೆ. ಅವರು ಸಿಗುವುದೂ ಎರಡು ಮೂರು ತಿಂಗಳಿಗೊಮ್ಮೆ. ಈಗ ಮುಂಗಾಲಿನ ಗೊರಸು ಮೊಳೆಯ ತೂತುಗಳ ಸುತ್ತ ಸೀಳಲು ತೊಡಗಿದೆ. ಲಾಳವನ್ನು ತೆಗೆಸಿ ಬರಿಗಾಲಿನಲ್ಲೇ ಬಿಡಬಹುದೇ, ಅಥವಾ ಈ ನೆಲಕ್ಕೆ ಅದು ಆಗದ ಮಾತೇ?

ಉತ್ತರ 1 (ಕಲಬುರಗಿಯ ಪಶುವೈದ್ಯೆ):

ನೀವು ಹೇಳಿದ್ದರಲ್ಲಿ ನನಗೆ ನೆಲಕ್ಕಿಂತ ಹೆಚ್ಚು ಚಿಂತೆ ತಂದದ್ದು ಆ ಎರಡು ಮೂರು ತಿಂಗಳ ಅಂತರ. ಕುದುರೆಯ ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬರಿಗಾಲಿನಲ್ಲಿ ಅದು ನೆಲಕ್ಕೆ ತಾಗಿ ಸವೆಯುತ್ತದೆ, ಲಾಳವಿದ್ದರೆ ಸವೆಯುವುದಿಲ್ಲ. ಹೀಗಾಗಿ ಆರೇಳು ವಾರ ದಾಟಿದರೆ ಮುಂತುದಿ ಉದ್ದವಾಗಿ, ಲಾಳ ಮುಂದಕ್ಕೆ ಸರಿದು, ಹಿಮ್ಮಡಿಯ ಮೇಲೂ ಕಾಲಿನ ಹಿಂಭಾಗದ ಸ್ನಾಯುರಜ್ಜುಗಳ ಮೇಲೂ ಎಳೆತ ಬೀಳುತ್ತದೆ. ಸಮಯಕ್ಕೆ ಸರಿಯಾಗಿ ಬದಲಾಯಿಸಲಾಗದ ಲಾಳಕ್ಕಿಂತ ಅರದಿಂದ ಚೆನ್ನಾಗಿ ಉಜ್ಜಿದ ಬರಿಗೊರಸೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎತ್ತಿನ ಗೊರಸು ಸೀಳುಗೊರಸಾದ್ದರಿಂದ ಅದಕ್ಕೆ ಎರಡು ತುಂಡಿನ ತೆಳು ತಗಡು ಸಾಕು. ಕುದುರೆಯ ಗೊರಸು ಒಂದೇ ತುಂಡು. ಭಾರ ಬಿದ್ದಾಗಲೆಲ್ಲ ಹಿಂಭಾಗ ತುಸು ಅಗಲಗೊಳ್ಳುತ್ತದೆ. ಆದ್ದರಿಂದ ಗೊರಸಿನ ಅತ್ಯಂತ ಅಗಲವಾದ ಜಾಗದಿಂದ ಹಿಂದಕ್ಕೆ ಮೊಳೆ ಹೊಡೆಯಬಾರದು, ತಳದಲ್ಲಿ ಕಾಣುವ ಬಿಳಿಗೆರೆಯಿಂದ ಒಳಕ್ಕಂತೂ ಮೊಳೆ ಹೋಗಲೇಬಾರದು. ಎತ್ತಿನ ಕೆಲಸದಲ್ಲಿ ಪಳಗಿದವರಿಗೆ ಇದು ತಿಳಿಯದಿದ್ದರೆ ಅದು ಅವರ ತಪ್ಪೇನಲ್ಲ.

ಲಾಳ ತೆಗೆಯುವ ಮುನ್ನ ಪ್ರತಿಯೊಂದು ಕಾಲನ್ನೂ ಎತ್ತಿ ನೋಡಿ. ತಳ ಒಳಕ್ಕೆ ಬಾಗಿ ಬಟ್ಟಲಿನಂತಿದ್ದರೆ, ಹೆಬ್ಬೆರಳಿನಿಂದ ಬಲವಾಗಿ ಒತ್ತಿದಾಗ ಅದು ಕುಗ್ಗದಿದ್ದರೆ, ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗ ಅಗಲವಾಗಿ, ವಾಸನೆಯಿಲ್ಲದೆ ಇದ್ದರೆ ಧೈರ್ಯವಾಗಿ ತೆಗೆಸಬಹುದು. ತಳ ಚಪ್ಪಟೆಯಾಗಿದ್ದು ಒತ್ತಿದರೆ ಕುಗ್ಗುವಂತಿದ್ದರೆ, ಅಥವಾ ಹಿಂದೆ ಗೊರಸಿನ ಉರಿಯೂತ ಬಂದಿದ್ದರೆ, ಗರಸಿನ ಮೇಲೆ ಬರಿಗಾಲಿನಲ್ಲಿ ನಡೆಸುವುದು ಕ್ರೌರ್ಯವೇ ಸರಿ.

ಉತ್ತರ 2 (ಯಾದಗಿರಿಯಿಂದ, ಮದುವೆಯ ಮೆರವಣಿಗೆಗೆ ಕುದುರೆ ಕೊಡುವವರು):

ಡಾಕ್ಟರಮ್ಮನವರ ಮಾತನ್ನು ಒಪ್ಪುತ್ತೇನೆ, ಆದರೆ ನಮ್ಮ ಕುದುರೆಗಳಿಗೆ ಲಾಳವಿಲ್ಲದೆ ನಡೆಯುವುದಿಲ್ಲ. ಮದುವೆಯ ದಿನಗಳಲ್ಲಿ ರಾತ್ರಿಯಿಡೀ ಡಾಂಬರಿನ ಮೇಲೆ ನಿಲ್ಲಿಸಿ ನಡೆಸಿದರೆ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಆಷಾಢದಲ್ಲಿ ಮದುವೆಗಳು ಕಡಿಮೆ. ಆಗ ಎಲ್ಲ ಲಾಳಗಳನ್ನೂ ಕೀಳಿಸಿ, ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಿ ಕಾಲಿಗೆ ವಿಶ್ರಾಂತಿ ಕೊಡುತ್ತೇವೆ. ಹೇಗಿದ್ದರೂ ಮಳೆ ಬಿದ್ದ ಎರೆಹೊಲಕ್ಕೆ ಇಳಿದರೆ ಆ ಜಿಗುಟು ಮಣ್ಣೇ ಸಡಿಲ ಲಾಳವನ್ನು ಕಿತ್ತುಕೊಳ್ಳುತ್ತದೆ, ಜೊತೆಗೆ ಗೊರಸಿನ ಒಂದು ಚೂರನ್ನೂ ಒಯ್ಯುತ್ತದೆ. ಅಂದ ಹಾಗೆ, ನುಣುಪಾದ ಸಿಮೆಂಟ್ ರಸ್ತೆಯಲ್ಲಿ ಕಬ್ಬಿಣದ ಲಾಳ ಜಾರುತ್ತದೆ ಎಂಬುದನ್ನೂ ನೆನಪಿಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಕಾಲುಗಳನ್ನು ಎತ್ತಿ ನೋಡಿದೆ. ಹಿಂಗಾಲುಗಳ ತಳ ಬಟ್ಟಲಿನಂತೆ ಗಟ್ಟಿಯಾಗಿದೆ. ಮುಂದಿನ ಎಡಗಾಲು ಮಾತ್ರ ಚಪ್ಪಟೆಯಾಗಿದ್ದು, ನಡುವಿನ ಸೀಳಿನಲ್ಲಿ ಕಪ್ಪು ಕೊಳೆಯಿದೆ, ಕೆಟ್ಟ ವಾಸನೆಯೂ ಬರುತ್ತಿದೆ. ಹಿಂದಿನ ಎರಡನ್ನು ಮಾತ್ರ ತೆಗೆಸಿದರೆ ನಡೆಯುತ್ತದೆಯೇ?

ಉತ್ತರ 1 (ಪಶುವೈದ್ಯೆ):

ಖಂಡಿತ ನಡೆಯುತ್ತದೆ. ನಿಂತ ಕುದುರೆಯ ಭಾರದಲ್ಲಿ ಶೇ. 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುವುದರಿಂದ ಮುಂದೆ ಲಾಳ, ಹಿಂದೆ ಬರಿಗೊರಸು ಎಂಬ ಪದ್ಧತಿ ಬಹಳ ಕಡೆ ಇದೆ. ಆದರೆ ಎಡಗಾಲಿನ ಆ ಕೊಳೆತ ಮೊದಲು ವಾಸಿಯಾಗಲಿ: ಲಾಯದ ನೆಲ ಗಂಜಲದಿಂದ ತೇವವಾಗದಂತೆ ನೋಡಿಕೊಳ್ಳಿ, ದಿನವೂ ಆ ಸೀಳನ್ನು ಶುಚಿಮಾಡಿ ಒಣಗಿಸಿ, ಔಷಧಿಗಾಗಿ ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ತೋರಿಸಿ. ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ಅಲ್ಲಿಯೇ ಕೇಳಿ. ಮೊಳೆಯ ಗಾಯಗಳಲ್ಲಿ ಕುದುರೆಗೆ ಅದರ ಅಪಾಯ ಬಹಳ.

ಹಿಂಗಾಲಿನ ಲಾಳ ತೆಗೆದ ಮೊದಲ ಕೆಲವು ವಾರ ಗರಸಿನ ದಾರಿಯನ್ನು ಬಿಟ್ಟು ಹೊಲದ ಮಣ್ಣಿನಲ್ಲೇ ನಡೆಸಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಅಂಚನ್ನು ಉಜ್ಜಿಸುವುದು ಆಗಲೂ ತಪ್ಪದು. ಮುಂತುದಿ ಪೂರ್ತಿ ಹೊಸದಾಗಿ ಇಳಿಯಲು ಒಂಬತ್ತರಿಂದ ಹನ್ನೆರಡು ತಿಂಗಳು ಹಿಡಿಯುವುದರಿಂದ, ಮುಂಗಾಲಿನ ಸೀಳುಗಳು ಮುಂದಿನ ತಿಂಗಳೇ ಮಾಯವಾಗುತ್ತವೆ ಎಂದುಕೊಳ್ಳಬೇಡಿ. ಆ ಎರಡು ಕಾಲುಗಳಿಗಾದರೂ ಕುದುರೆಯ ಕೆಲಸ ಬಲ್ಲ ನಾಲಬಂದರನ್ನು ಹೈದರಾಬಾದಿನಿಂದ ಕರೆಸುವುದು ಒಳ್ಳೆಯದು. ಸುತ್ತಮುತ್ತ ಕುದುರೆ ಸಾಕಿದ ಮೂರ್ನಾಲ್ಕು ಮಂದಿ ಸೇರಿ ಒಂದೇ ದಿನ ಕರೆಸಿದರೆ ಪ್ರಯಾಣದ ಖರ್ಚೂ ಹಂಚಿಹೋಗುತ್ತದೆ.