ಅಪ್ಪ ಅಮ್ಮನನ್ನು ನಡೆಸಿಕೊಂಡು ಹೋಗಲು ಸ್ಕಾಟ್ಲೆಂಡಿನಲ್ಲಿ ಯಾವ ಜಲಪಾತ ಒಳ್ಳೆಯದು?

ಸಾಗರದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಗ್ಲಾಸ್ಗೋಗೆ ಬಂದು ಎರಡು ವರ್ಷ ಆಯ್ತು. ಮೇ ಮೂರನೇ ವಾರ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ಮೂರು ವಾರ ಇರ್ತಾರೆ. ಅಪ್ಪ ಜೋಗದ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೊನ್ನೆ ಫೋನಿನಲ್ಲಿ, "ಕೋಟೆ ಅರಮನೆ ಎಲ್ಲ ನಿನ್ನ ಅಮ್ಮನಿಗೆ ತೋರ್ಸು, ನಂಗೆ ಅಲ್ಲಿಯ ಒಂದು ಜಲಪಾತ ತೋರ್ಸು ಸಾಕು. ರಸ್ತೆ ಪಕ್ಕದ್ದು ಬೇಡ, ಸ್ವಲ್ಪ ನಡೆದು ಹೋಗೋ ಅಂಥದ್ದು" ಅಂದ್ರು.

ನನ್ನ ಹತ್ರ ಕಾರಿಲ್ಲ. ಅಮ್ಮನಿಗೆ ಬಲಗಾಲಿನ ಮಂಡಿನೋವು. ಹತ್ತೋದು ಹೇಗೋ ಹತ್ತುತ್ತಾರೆ, ಇಳಿಯೋದು ಕಷ್ಟ. ನೆಟ್‌ನಲ್ಲಿ ನೋಡಿದರೆ ಎಲ್ಲರೂ ಬ್ರಿಟನ್ನಿನಲ್ಲೇ ಎತ್ತರದ್ದು ಅಂತ ಏಸ್ ಎ ಕೂಲ್ ಆಲಿನ್ ಹೆಸರು ಹೇಳ್ತಾರೆ, 200 ಮೀಟರ್ ಅಂತೆ. 253 ಮೀಟರ್ ಜೋಗವನ್ನು ಜೀವನಪೂರ್ತಿ ನೋಡಿದವರಿಗೆ ಅದೇ ಸರಿ ಅನ್ನಿಸ್ತು. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಮಳವಳ್ಳಿ ಅಕ್ಕ

ತಮ್ಮಾ, ಮೊದಲು ಆ ಎತ್ತರದ ಲೆಕ್ಕ ಬಿಡು. ಏಸ್ ಎ ಕೂಲ್ ಆಲಿನ್ ಇರೋದು ತೀರಾ ಉತ್ತರದ ಸದರ್‌ಲೆಂಡಿನಲ್ಲಿ, ಕೈಲ್‌ಸ್ಕೂ ಹತ್ತಿರ. ದಾರಿಯೆಲ್ಲ ಜೌಗು ನೆಲ, ಕಾಲಿಟ್ಟಲ್ಲಿ ಪಾದ ಮುಳುಗುತ್ತೆ. ಮಂಡಿನೋವಿನ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗೋ ಮಾತೇ ಇಲ್ಲ.

ನಿನ್ನ ಅಪ್ಪ ಪವರ್ ಹೌಸಿನವರು ಅಂತ ಓದಿದ ಕೂಡಲೇ ನನಗೆ ಹೊಳೆದದ್ದು ಕ್ಲೈಡ್ ನದಿಯ ಕೊರಾ ಲಿನ್. ಗ್ಲಾಸ್ಗೋ ಊರೊಳಗೆ ಹಡಗು ಕಟ್ಟೆಗಳ ಪಕ್ಕ ನೀನು ದಿನಾ ನೋಡ್ತೀಯಲ್ಲ, ಅದೇ ಕ್ಲೈಡ್. ಮೇಲೆ ಲ್ಯಾನಾರ್ಕ್ ಹತ್ತಿರ ಅದು ಬೇರೆಯೇ ನದಿ. ಸಾಲಾಗಿ ಬೀಳುತ್ತಾ ಬರುತ್ತೆ: ಮೊದಲು ಬಾನಿಂಗ್ಟನ್ ಲಿನ್, ಆಮೇಲೆ ಕೊರಾ ಲಿನ್, ನ್ಯೂ ಲ್ಯಾನಾರ್ಕ್ ಅನ್ನೋ ಊರಿನ ಪಕ್ಕಕ್ಕೆ ಬಂದಾಗ ಪುಟ್ಟ ಡಂಡಾಫ್ ಲಿನ್. ಲಿನ್ ಅಂದರೆ ಇಲ್ಲಿಯವರ ಮಾತಿನಲ್ಲಿ ಅಬ್ಬಿ, ಅಬ್ಬಿಯ ಕೆಳಗಿನ ಮಡುವಿಗೂ ಅದೇ ಹೆಸರು. ಗೇಲಿಕ್ ಹೆಸರುಗಳಲ್ಲಿ ಬರೋ 'ಏಸ್' ಕೂಡ ಅಬ್ಬಿಯೇ.

ನಾನು ಹುಟ್ಟಿದ್ದು ಶಿವನಸಮುದ್ರಕ್ಕೆ ಹತ್ತಿರ. ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಗಗನಚುಕ್ಕಿ ನೋಡೋಕೆ ಹೋದರೆ ಬರೀ ಬಂಡೆ. "ನೀರೆಲ್ಲಿ?" ಅಂತ ಕೇಳಿದರೆ ನಮ್ಮಪ್ಪ ಕೆಳಗಿನ ಪೈಪುಗಳನ್ನು ತೋರಿಸಿ, "ಕರೆಂಟಾಗೋಕೆ ಹೋಗೈತೆ" ಅನ್ನೋರು. ಅಲ್ಲಿ 1902ರಿಂದ ಕರೆಂಟು ತೆಗೀತಿದ್ದಾರೆ, ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಈ ದೇಶಕ್ಕೆ ಬಂದು ಕೊರಾ ಲಿನ್ ಮುಂದೆ ಮೊದಲ ಸಲ ನಿಂತಾಗ, ಇಷ್ಟು ಅಗಲದ ಬಂಡೆಗೆ ಇಷ್ಟು ತೆಳ್ಳಗಿನ ನೀರಾ ಅನ್ನಿಸ್ತು. ವಾಪಸು ಬರುವಾಗ ದಾರಿ ಪಕ್ಕದಲ್ಲೇ ಬಾನಿಂಗ್ಟನ್ ಪವರ್ ಸ್ಟೇಷನ್, ಗುಡ್ಡದಿಂದ ಇಳಿದು ಬರೋ ಎರಡು ದಪ್ಪ ಪೈಪು. ನಮ್ಮಪ್ಪನ ಮಾತು ಕಿವಿಯಲ್ಲಿ ಹೇಳಿದ ಹಾಗಾಯ್ತು. ಅದು 1927ರಲ್ಲಿ ಶುರುವಾದ ಸ್ಟೇಷನ್, ಈಗಲೂ ನಡೀತಿದೆ. ಬಾನಿಂಗ್ಟನ್ ಲಿನ್ ಮೇಲೆ ಕಟ್ಟೆ ಹಾಕಿ ನೀರನ್ನು ಸುರಂಗಕ್ಕೆ ತಿರುಗಿಸ್ತಾರೆ, ಕೊರಾ ಲಿನ್ ದಾಟಿದ ಮೇಲೆ ಮತ್ತೆ ನದಿಗೆ ಬಿಡ್ತಾರೆ. ನಡುವಿನ ಅಬ್ಬಿಗಳಿಗೆ ಸಿಗೋದು ಉಳಿದ ನೀರು.

ಅದಕ್ಕೇ ನಿನಗೆ ಹೇಳಲೇಬೇಕಾದ ಮುಖ್ಯ ಮಾತು. ವರ್ಷದಲ್ಲಿ ಕೆಲವೇ ದಿನ ರಿಪೇರಿಗೆ ಅಂತ ಸ್ಟೇಷನ್ ನಿಲ್ಲಿಸ್ತಾರೆ. ಆ ದಿನ ಕ್ಲೈಡಿನ ಅಷ್ಟೂ ನೀರು ಬಂಡೆ ಮೇಲೇ ಬರುತ್ತೆ. ಯಾವ ದಿನ ಅನ್ನೋದನ್ನು ನ್ಯೂ ಲ್ಯಾನಾರ್ಕಿನಲ್ಲಿ ಮೊದಲೇ ವಿಚಾರಿಸು, ಫೋನ್ ಮಾಡಿ ಕೇಳೋಕೆ ಸಂಕೋಚ ಬೇಡ. ನಾನು ಅಂಥ ಒಂದು ದಿನ ಹೋಗಿದ್ದೆ. ಊರು ಬಿಟ್ಟು ಮೆಟ್ಟಿಲು ಹತ್ತುವಾಗಲೇ ಸದ್ದು ಎದೆಗೆ ಬಡೀತಿತ್ತು. ನೋಡೋ ಕಟ್ಟೆಗೆ ಬಂದರೆ ಬಂಡೆಯೇ ಕಾಣ್ತಿಲ್ಲ. ನೀರು ಕಂದು ಬಣ್ಣ, ಗಟ್ಟಿ ಡಿಕಾಕ್ಷನ್ ಹಾಗೆ. ಮೇಲಿನ ಗುಡ್ಡಗಳ ಪೀಟ್, ಅಂದರೆ ಗಿಡಗಂಟಿ ಕೊಳೆತು ಆದ ಕಪ್ಪು ಮಣ್ಣು, ಕಲೆತು ಬರೋದರಿಂದ ಆ ಬಣ್ಣ. ಬಿದ್ದಲ್ಲಿ ಮಾತ್ರ ಹಾಲಿನ ನೊರೆ. ಎರಡು ನಿಮಿಷಕ್ಕೆ ಕನ್ನಡಕ ತೊಯ್ದು ಹೋಯ್ತು, ಸೆರಗಲ್ಲಿ ಒರೆಸಿಕೊಂಡು ಮತ್ತೆ ನೋಡಿದೆ. ಕೊರಾ ಲಿನ್ ಎತ್ತರ ಸುಮಾರು 26 ಮೀಟರ್, ಜೋಗದ ಹತ್ತನೇ ಒಂದು ಭಾಗ. ಆದರೆ ಆವತ್ತು ನನಗೆ ಎತ್ತರದ ಯೋಚನೆ ಬರಲೇ ಇಲ್ಲ.

ಅಲ್ಲೇ ಎದುರು ಮೇಲುಗಡೆ ಛಾವಣಿ ಇಲ್ಲದ ಒಂದು ಹಳೇ ಕಟ್ಟಡ ಇದೆ. 1708ರದ್ದು. ಆ ಜಮೀನಿನ ಒಡೆಯರು ಬರೀ ಅಬ್ಬಿ ನೋಡೋಕೆ ಅಂತ ಕಟ್ಟಿಸಿದ್ದು. ಒಳಗೆ ಗೋಡೆಗೆ ಕನ್ನಡಿ ಹಾಕಿಸಿದ್ದರಂತೆ, ಬಂದ ನೆಂಟರಿಗೆ ನೀರು ತಲೆ ಮೇಲೇ ಬೀಳ್ತಿದೆ ಅನ್ನಿಸಲಿ ಅಂತ. ಮುನ್ನೂರು ವರ್ಷದ ಹಿಂದೆ ಯಾರೋ ನನ್ನ ಹಾಗೇ ನಿಂತು ಬೆರಗಾಗಿದ್ದರಲ್ಲ ಅಂತ ನನಗೆ ಆ ಗೋಡೆ ಕಂಡರೆ ಪ್ರೀತಿ.

ದಾರಿ ಹೇಳ್ತೀನಿ. ಗ್ಲಾಸ್ಗೋ ಸೆಂಟ್ರಲ್‌ನಿಂದ ಲ್ಯಾನಾರ್ಕಿಗೆ ನೇರ ರೈಲು, ಒಂದು ಗಂಟೆಯೊಳಗೆ ಮುಟ್ಟುತ್ತೆ. ಸ್ಟೇಷನ್ನಿಂದ ನ್ಯೂ ಲ್ಯಾನಾರ್ಕಿಗೆ ನಡೆದೂ ಹೋಗಬಹುದು, ಆದರೆ ಕೊನೆಗೆ ಕಡಿದಾದ ಇಳಿಜಾರು. ಅಮ್ಮನಿಗೋಸ್ಕರ ಬಸ್ಸೋ ಟ್ಯಾಕ್ಸಿಯೋ ಹಿಡಿ, ಮಂಡಿಯನ್ನು ಅಬ್ಬಿಗೆ ಉಳಿಸು. ನ್ಯೂ ಲ್ಯಾನಾರ್ಕ್ ಊರೇ ಹತ್ತಿ ಗಿರಣಿಯ ಊರು, 1785ರಲ್ಲಿ ಡೇವಿಡ್ ಡೇಲ್ ಶುರು ಮಾಡಿದ್ದು. ಈ ನದಿಯ ನೀರೇ ಚಕ್ರ ತಿರುಗಿಸ್ತಿತ್ತು. ಅವನ ಅಳಿಯ ರಾಬರ್ಟ್ ಓವನ್ ಗಿರಣಿ ಮಕ್ಕಳಿಗೆ ಶಾಲೆ ತೆರೆದ, 1816ರಲ್ಲಿ. ಈಗ ಯುನೆಸ್ಕೋ ಪಟ್ಟಿಯಲ್ಲಿದೆ. ಅಮ್ಮನಿಗೆ ಸಾಕಾದರೆ ಡಂಡಾಫ್ ಲಿನ್ ಪಕ್ಕ ಕೂರಿಸಿ ನೀವಿಬ್ಬರೇ ಮುಂದೆ ಹೋಗಬಹುದು, ಅಲ್ಲಿಂದಲೂ ನೀರು ಕಾಣುತ್ತೆ. ಅಲ್ಲಿಂದ ಮೇಲಕ್ಕೆ ಸ್ವಲ್ಪ ದೂರ ಹಲಗೆ ಹಾಸಿದ ದಾರಿ, ಆಮೇಲೆ ಮೆಟ್ಟಿಲು, ಬಾನಿಂಗ್ಟನ್ ಲಿನ್ ತನಕ ಹೋಗಿ ಬಂದರೆ ಐದು ಕಿಲೋಮೀಟರ್ ಆಸುಪಾಸು. ಮೇನಲ್ಲಿ ಕಾಡಿನ ನೆಲ ಪೂರಾ ನೀಲಿ, ಬ್ಲೂಬೆಲ್ ಹೂವು. ಕಾಡು ಬೆಳ್ಳುಳ್ಳಿ ವಾಸನೆ ಬೇರೆ, ನಿಮ್ಮಮ್ಮನಿಗೆ ಒಗ್ಗರಣೆ ನೆನಪಾಗುತ್ತೆ.

ಇನ್ನು ಎಚ್ಚರಿಕೆ. ಅಬ್ಬಿ ಸುತ್ತಲ ಕಲ್ಲು ಪಾಚಿ ಕಟ್ಟಿರುತ್ತೆ, ಬೇಲಿ ದಾಟಿ ಫೋಟೋ ತೆಗೆಯೋಕೆ ಹೋಗಬೇಡ. ಚಪ್ಪಲಿ ಬೇಡ, ಅಮ್ಮ ಸೀರೆ ಉಟ್ಟರೂ ಹಿಡಿತ ಇರೋ ಶೂ ಹಾಕಿಸು. ಊರಿಂದ ಬಂದ ಮೊದಲ ಡಿಸೆಂಬರಿನಲ್ಲಿ ನಾನು ಮಧ್ಯಾಹ್ನ ಎರಡಕ್ಕೆ ಹೊರಟು, ನಾಲ್ಕಕ್ಕೆಲ್ಲ ಕತ್ತಲಾಗಿ, ಕೊಳೆತ ಎಲೆ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡು ಬಂದಿದ್ದೆ. ಮೇನಲ್ಲಿ ಆ ಭಯ ಇಲ್ಲ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ.

ಇನ್ವರ್ನೆಸ್ ವಾಸಿ

ಅಕ್ಕ ಹೇಳಿದ್ದು ನೂರಕ್ಕೆ ನೂರು. ಉತ್ತರಕ್ಕೂ ಬರೋದಿದ್ದರೆ ಲಾಕ್ ನೆಸ್ ದಂಡೆಯ ಫಾಯರ್ಸ್ ಅಬ್ಬಿಯನ್ನು ತಂದೆಯವರಿಗೆ ತೋರಿಸಿ. ಅಲ್ಲಿ 1896ರಲ್ಲೇ ನೀರಿನ ಕರೆಂಟಿನಿಂದ ಅಲ್ಯುಮಿನಿಯಂ ಕರಗಿಸಲು ಶುರು ಮಾಡಿದ್ದರು, ಶಿವನಸಮುದ್ರಕ್ಕಿಂತ ಆರು ವರ್ಷ ಮುಂಚೆ. ಕಾರ್ಖಾನೆ ಈಗಿಲ್ಲ. ಅಲ್ಲೀಗ ರಾತ್ರಿ ನೀರನ್ನು ಮೇಲಿನ ಕೆರೆಗೆ ಪಂಪ್ ಮಾಡಿ, ಬೇಕಾದಾಗ ಇಳಿಸಿ ಕರೆಂಟು ಮಾಡುವ ಸ್ಟೇಷನ್ ಇದೆ. ಅಬ್ಬಿ ನೋಡಲು ಮೆಟ್ಟಿಲು ಇಳಿಯಲೇಬೇಕು, ಅಮ್ಮನವರಿಗೆ ಅದು ಕಷ್ಟ ಆಗಬಹುದು. ಕೆಂಪು ಅಳಿಲು ಕಂಡರೆ ಸದ್ದು ಮಾಡದೆ ನಿಲ್ಲಿ.

ಗ್ಲೆನ್ ನೆವಿಸ್‌ನ ಸ್ಟೀಲ್ ಅಬ್ಬಿ (120 ಮೀಟರ್) ಬಹಳ ಚೆಂದ, ಕಮರಿಯಲ್ಲಿ ನಡೆದು ಹೋಗಿ ಒಮ್ಮೆಲೇ ಹುಲ್ಲುಬಯಲು ತೆರೆದುಕೊಂಡು ಎದುರಿಗೆ ಅಬ್ಬಿ ಕಾಣುವುದು ಮರೆಯಲಾಗದ್ದು. ಆದರೆ ದಾರಿ ಕಲ್ಲು ಕಲ್ಲು. ಅಪ್ಪನ ಜೊತೆ ನೀವು ಹೋಗಿ. ಹೊಳೆ ದಾಟಲು ಮೂರು ತಂತಿಯ ಸೇತುವೆ ಇದೆ, ಒಂದರ ಮೇಲೆ ಕಾಲು, ಎರಡನ್ನು ಕೈಯಲ್ಲಿ ಹಿಡಿಯಬೇಕು. ಈಚೆ ದಡದಿಂದಲೇ ಅಬ್ಬಿ ಪೂರ್ತಿ ಕಾಣುತ್ತದೆ, ಅದನ್ನು ದಾಟಿಸಬೇಡಿ.

ಉಣುಗಿನ ಬಗ್ಗೆ ಯಾರೂ ಹೇಳಲಿಲ್ಲ. ಸಾಗರ ಸೊರಬದ ಕಡೆಯವರಿಗೆ ಮಂಗನ ಕಾಯಿಲೆ ಗೊತ್ತಲ್ಲ, ಇಲ್ಲಿಯ ಉಣುಗಿನಿಂದ ಬರೋದು ಲೈಮ್ ಕಾಯಿಲೆ. ಎತ್ತರದ ಹುಲ್ಲು, ಜರೀಗಿಡದೊಳಗೆ ನಡೆದರೆ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮಂಡಿ ಹಿಂದೆ, ಕಂಕುಳು ನೋಡಿಕೊಳ್ಳಿ. ಕಚ್ಚಿದ್ದರೆ ಮೊನಚು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಸುಣ್ಣ ಹಚ್ಚಬೇಡಿ. ಕಚ್ಚಿದ ಜಾಗದಿಂದ ಕೆಂಪು ಉಂಗುರ ಹರಡಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಮೇ ಕೊನೆಗೆ ಮಿಡ್ಜ್ ನುಸಿಯೂ ಶುರುವಾಗುತ್ತದೆ, ಗಾಳಿ ಬೀಸುವ ಜಾಗದಲ್ಲಿ ಬುತ್ತಿ ಬಿಚ್ಚಿ.

ಡಂಡೀ ವಿದ್ಯಾರ್ಥಿನಿ

ಮಂಡಿನೋವಿಗೆ ನನ್ನ ಆಯ್ಕೆ ಡಂಕೆಲ್ಡ್ ಹತ್ತಿರದ ಹರ್ಮಿಟೇಜ್. ಡಂಕೆಲ್ಡ್ ಅಂಡ್ ಬರ್ನಮ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಮುಗಿಲೆತ್ತರದ ಡಗ್ಲಸ್ ಫರ್ ಮರಗಳ ನಡುವೆ ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಕೊನೆಗೆ ಬ್ರಾನ್ ಹೊಳೆ ಬ್ಲ್ಯಾಕ್ ಲಿನ್‌ನಲ್ಲಿ ಬೀಳುತ್ತೆ. ಎತ್ತರ ಇಲ್ಲ, ರಭಸ ಇದೆ. ಅಬ್ಬಿಯ ನೆತ್ತಿಯ ಮೇಲೇ ಓಸಿಯನ್ಸ್ ಹಾಲ್ ಅಂತ ಮಂಟಪ. ಬಾಗಿಲು ದಾಟಿ ಬಾಲ್ಕನಿಗೆ ಹೆಜ್ಜೆ ಇಟ್ಟರೆ ಕಾಲ ಕೆಳಗೇ ನೀರು. ನಮ್ಮಜ್ಜಿಯನ್ನು ಕರೆದುಕೊಂಡು ಹೋಗಿದ್ದೆ, 74 ವರ್ಷ, ಕೋಲು ಹಿಡಿದು ಆರಾಮಾಗಿ ನಡೆದರು.

ಇನ್ನೊಂದು ಬ್ರೂವರ್, ಬ್ಲೇರ್ ಅಥೋಲ್ ಕಡೆ. ಕವಿ ರಾಬರ್ಟ್ ಬರ್ನ್ಸ್ 1787ರಲ್ಲಿ ಅಲ್ಲಿಗೆ ಹೋದಾಗ ಗುಡ್ಡ ಬೋಳಾಗಿತ್ತು. ಆ ಹೊಳೆಯೇ ಜಮೀನಿನ ಡ್ಯೂಕ್‌ಗೆ ನನ್ನ ದಂಡೆಗೆ ಮರ ನೆಡಿಸಪ್ಪಾ ಅಂತ ಅರ್ಜಿ ಹಾಕೋ ಹಾಗೆ ಪದ್ಯ ಬರೆದ. ಡ್ಯೂಕ್ ನಿಜವಾಗಿಯೂ ನೆಡಿಸಿದ. ಅಲ್ಲಿಯ ನೆರಳಿನಲ್ಲಿ ನಡೆಯುವಾಗ ನನಗೆ ಪ್ರತಿ ಸಲ ಈ ವಿಷಯ ನೆನಪಾಗಿ ಖುಷಿ ಆಗುತ್ತೆ.

ಸಾಗರದ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೋಗಿ ಬಂದು ಬರೀತಿದ್ದೇನೆ. ಅಕ್ಕಾ, ಅವರಿದ್ದ ಮೂರು ವಾರದಲ್ಲಿ ಸ್ಟೇಷನ್ ನಿಲ್ಲಿಸೋ ದಿನ ಬರಲಿಲ್ಲ. ಆದರೆ ಹಿಂದಿನ ಎರಡು ದಿನ ಚೆನ್ನಾಗಿ ಮಳೆ ಹೊಡೆದಿತ್ತು, ಕೊರಾ ಲಿನ್‌ಗೆ ಒಳ್ಳೆ ನೀರಿತ್ತು. ಅಮ್ಮ ಡಂಡಾಫ್ ಹತ್ತಿರವೇ ಕೂರ್ತೀನಿ ಅಂದವರು, ಬ್ಲೂಬೆಲ್ ನೋಡ್ತಾ ನೋಡ್ತಾ ಕೊರಾ ಲಿನ್ ತನಕ ಬಂದೇಬಿಟ್ಟರು. ಇಳಿಯುವಾಗ ನನ್ನ ಭುಜ ಹಿಡಿದು ಒಂದೊಂದೇ ಮೆಟ್ಟಿಲು. ನೀರಿನ ಬಣ್ಣ ನೋಡಿ, "ಕಷಾಯ ಕಾಸಿ ಹೊಯ್ದ ಹಾಗಿದೆ" ಅಂದ್ರು.

ಅಪ್ಪ ಅಬ್ಬಿ ಎದುರು ಹತ್ತು ನಿಮಿಷ ಮಾತಾಡದೆ ನಿಂತಿದ್ದರು. ಆದರೆ ಪವರ್ ಸ್ಟೇಷನ್ ಹತ್ತಿರ ನಿಂತದ್ದು ಮುಕ್ಕಾಲು ಗಂಟೆ. ಪೈಪು ಎಷ್ಟು ಇಳಿಜಾರು, ನೀರು ಹೊರಗೆ ಬರೋ ಬಾಯಿ ಎಲ್ಲಿ, ಎಲ್ಲ ಬೇಲಿ ಈಚೆಯಿಂದಲೇ ಹುಡುಕಿದರು. ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳಿ, "ಎರಡೂ ಮಿಷನ್ ಓಡ್ತಿದೆ" ಅಂದ್ರು. ಜೋಗದಲ್ಲಿ ಮೂವತ್ತು ವರ್ಷ ಪ್ರವಾಸಿಗಳು ಬಂದು, ನೀರು ಯಾಕೆ ಕಮ್ಮಿ, ಯಾವಾಗ ಬಿಡ್ತೀರಿ ಅಂತ ಇವರನ್ನೇ ಕೇಳ್ತಿದ್ದರಂತೆ. ಅದನ್ನೆಲ್ಲ ನನಗೆ ಅಲ್ಲೇ ನಿಂತು ಹೇಳಿದರು, ನಾನು ಮನೆಯಲ್ಲಿ ಯಾವತ್ತೂ ಕೇಳಿರಲಿಲ್ಲ.

ಮುಂದಿನ ಸಲ ಸ್ಟೇಷನ್ ನಿಲ್ಲಿಸೋ ದಿನಾಂಕ ನೋಡಿಯೇ ಟಿಕೆಟ್ ಬುಕ್ ಮಾಡು ಅಂತ ಹೇಳಿ ವಿಮಾನ ಹತ್ತಿದ್ದಾರೆ. ಅಕ್ಕಾ, ಆ ದಿನಾಂಕ ಎಷ್ಟು ತಿಂಗಳು ಮುಂಚೆ ಗೊತ್ತಾಗುತ್ತೆ?